ಬಾಲಶಿಕ್ಷಣದಲ್ಲಿ ಮೂರನೆಯ ತರಗತಿಯ ಸ್ಥಾನ



ದಾಸೋಹದ ಪಂಕ್ತಿಯಲ್ಲಿ ಬಡಿಸುವವನ ಕಾರ್ಯವು ಎಲೆಯ ಮೇಲೆ ಅನ್ನವನ್ನಿಕ್ಕಿದ ಮಾತ್ರಕ್ಕೆ ಮುಗಿಯುವುದಿಲ್ಲ. ಕುಳಿತವರು ಉಂಡರೇ ಎಂಬುದನ್ನೂ ಅವನು ನೋಡತಕ್ಕದ್ದು. ವಿದ್ಯಾದಾನಕ್ಕೂ ಈ ನಿಯಮವೇ ಸಲ್ಲುವುದು. ಮಗುವನ್ನು ಶಾಲೆಗೆ ಸೇರಿಸಿದುದು ಬಡಿಸಿದಂತೆ. ಮಗುವು ಕಲಿತುದು ಉಂಡಂತೆ. ಹಾಗಾದರೆ ಉಂಡಿತೇ ಎಂದು ನೋಡುವ ಕಾಲವು ಯಾವುದು? ಹತ್ತನೆಯ ತರಗತಿಯ ಪರೀಕ್ಷೆಯೇ ಆ ಕಾಲವೆಂದು ಬಹುಮಂದಿ ತಿಳಿದಿರುವರು. ವಿಚಾರಿಸಿ ನೋಡಿದರೆ, ಎಂಟು ಒಂಬತ್ತು ವರ್ಷದ ಮಕ್ಕಳು ಕುಳಿತಿರುವ ಮೂರನೆಯ ತರಗತಿಯೇ ಆ ಕಾಲವೆಂದು ಸ್ಪಷ್ಟವಾಗುವುದು.

ಇದಕ್ಕೆ ಕಾರಣವಿಷ್ಟು. ಮೊದಲ ತರಗತಿಗಳಲ್ಲಿ ಓದುವುದೇ ಪಾಠವಾಗಿರುವುದು. ನಾಲ್ಕನೆಯ ತರಗತಿಯಿಂದ ಮುಂದಕ್ಕೆ ಓದಿನ ಮೂಲಕವೇ ಪಾಠವು ಬರಬೇಕಾಗಿರುವುದು. ನೆಲ, ಜಲ, ಸಸ್ಯ, ಇತಿಹಾಸ ಇವೆಲ್ಲವೂ ಪುಸ್ತಕದ ಸಾಲುಗಳಲ್ಲಿ ಅಡಗಿರುವುವು. ಸಾಲನ್ನು ದಾಟಲಾರದ ಮಗುವಿಗೆ ಇವೆಲ್ಲವೂ ಒಮ್ಮೆಯೇ ಮುಚ್ಚಿಹೋಗುವುವು. ಈ ವಿಚಾರದಿಂದಲೇ ಭಾರತ ಸರ್ಕಾರವು 2021ರ ಜುಲೈ 5ರಂದು 'ನಿಪುಣ ಭಾರತ'ವೆಂಬ ಕಾರ್ಯವನ್ನು ಆರಂಭಿಸಿ, 2026-27ರೊಳಗಾಗಿ ಪ್ರತಿಯೊಂದು ಮಗುವೂ ಮೂರನೆಯ ತರಗತಿಯ ಅಂತ್ಯದಲ್ಲಿ ಅರ್ಥಸಹಿತವಾದ ಓದನ್ನೂ ಮೂಲಗಣಿತವನ್ನೂ ಪಡೆದಿರಬೇಕೆಂದು ಗುರಿಯನ್ನಿಟ್ಟಿತು.

ಮೊದಲು ಓದಿನ ವಿಷಯ. ಕನ್ನಡ ವರ್ಣಮಾಲೆಯಲ್ಲಿ ಸ್ವರಗಳು 13, ಯೋಗವಾಹಗಳು 2, ವ್ಯಂಜನಗಳು 34, ಹೀಗೆ ಒಟ್ಟು 49 ಅಕ್ಷರಗಳು. ಇವುಗಳ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. 'ಅಕ್ಕ' ಎಂಬಂತಹ ಸಜಾತೀಯ ಒತ್ತಕ್ಷರವು ಮಗುವಿಗೆ ಸುಲಭವಾಗಿ ವಶವಾಗುವುದು. 'ಪುಸ್ತಕ' ಎಂಬಂತಹ ವಿಜಾತೀಯವು ತುಸು ತಡವಾಗಿ ಬರುವುದು. 'ಧರ್ಮ' ಎಂಬಲ್ಲಿ ರಕಾರದ ಧ್ವನಿಯು ಮಕಾರಕ್ಕಿಂತ ಮೊದಲು ಕೇಳುವುದು, ಅದರ ಗುರುತಾದ ಅರ್ಕಾವೊತ್ತಾದರೋ ಮಕಾರದ ನಂತರ ಕಾಣುವುದು. ಕಣ್ಣು ಕಂಡ ಕ್ರಮವನ್ನೇ ನಂಬಿದ ಮಗುವು 'ಧಮ್ರ' ಎಂದು ಓದುವುದು. ಇದು ದಡ್ಡತನವಲ್ಲ, ಲಿಪಿಯ ನಡೆಯನ್ನು ಇನ್ನೂ ಅರಿಯದ ಸ್ಥಿತಿ. ಈ ತೊಡಕುಗಳೆಲ್ಲವೂ ಮೂರನೆಯ ತರಗತಿಯಲ್ಲಿ ಬಿಡಿಸಿಹೋಗಬೇಕು.

ಅಕ್ಷರವನ್ನು ಉಚ್ಚರಿಸಿದ ಮಾತ್ರಕ್ಕೆ ಓದಾಗುವುದಿಲ್ಲ. ಒಂದೊಂದೇ ಅಕ್ಷರವನ್ನು ಕಷ್ಟದಿಂದ ಕೂಡಿಸುವ ಮಗುವು ವಾಕ್ಯದ ಕೊನೆಯನ್ನು ಮುಟ್ಟುವಷ್ಟರಲ್ಲಿ ಮೊದಲನ್ನು ಮರೆತಿರುವುದು. "ಹುಡುಗನು ಕೊಡೆಯನ್ನು ತಂಗಿಗೆ ಕೊಟ್ಟು ತಾನು ನೆನೆಯುತ್ತ ಮನೆಗೆ ಬಂದನು" ಎಂಬ ವಾಕ್ಯವನ್ನು ಓದಿಸಿ, "ಹುಡುಗನು ಏಕೆ ನೆನೆದನು?" ಎಂದು ಕೇಳಿ ನೋಡಿರಿ. ಮಳೆಯೆಂಬ ಶಬ್ದವು ವಾಕ್ಯದಲ್ಲಿಲ್ಲ. ತಂಗಿಯ ಮೇಲಣ ಪ್ರೀತಿಯೆಂಬುದೂ ಇಲ್ಲ. ಇವೆರಡನ್ನೂ ಕಂಡುಕೊಂಡ ಮಗುವೇ ಓದಿದ ಮಗು. ಮೂರನೆಯ ತರಗತಿಯ ಮಗುವು ಒಂದು ನಿಮಿಷಕ್ಕೆ ಕನಿಷ್ಠ 60 ಶಬ್ದಗಳನ್ನು ಅರ್ಥಸಹಿತವಾಗಿ ಓದಬೇಕೆಂದು ನಿಪುಣ ಭಾರತದ ಅಳತೆ. ಆದರೆ ಪ್ರತ್ಯಯಗಳನ್ನು ಕೂಡಿಕೊಂಡು ಉದ್ದವಾಗುವ ಕನ್ನಡ ಶಬ್ದಕ್ಕೂ ಇತರ ಭಾಷೆಗಳ ಚಿಕ್ಕ ಶಬ್ದಕ್ಕೂ ಒಂದೇ ಎಣಿಕೆಯು ಸಲ್ಲದು. 2022ರ ರಾಷ್ಟ್ರೀಯ ಅಧ್ಯಯನದಲ್ಲಿ 20 ಭಾಷೆಗಳಿಗೆ ಪ್ರತ್ಯೇಕ ಅಳತೆಗಳನ್ನು ಗೊತ್ತುಮಾಡಿದುದು ನ್ಯಾಯವೇ ಆಗಿರುವುದು.

ಇನ್ನು ಲೆಕ್ಕದ ವಿಷಯ. ಈ ತರಗತಿಯ ಮಗುವು 9999ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕು, ಸುಲಭವಾದ ಗುಣಾಕಾರವನ್ನು ಮಾಡಬೇಕು. ಇದರ ಜೀವಾಳವು ಸ್ಥಾನಬೆಲೆ. 502ರಲ್ಲಿ 278ನ್ನು ಕಳೆಯೆಂದರೆ ಎಷ್ಟೋ ಮಕ್ಕಳು 376 ಎಂದು ಬರೆಯುವರು. ಎಂಟರಲ್ಲಿ ಎರಡು, ಏಳರಲ್ಲಿ ಸೊನ್ನೆ, ಐದರಲ್ಲಿ ಎರಡು, ಹೀಗೆ ಮೇಲೆ ಕೆಳಗೆ ನೋಡದೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿರುವರು. ನೂರು ಕಡ್ಡಿಗಳ ಒಂದು ಕಟ್ಟನ್ನು ಬಿಚ್ಚಿದರೆ ಹತ್ತರ ಹತ್ತು ಕಟ್ಟುಗಳಾಗುವುವು, ಅವುಗಳಲ್ಲೊಂದನ್ನು ಬಿಚ್ಚಿದರೆ ಹತ್ತು ಬಿಡಿಗಳಾಗುವುವು ಎಂಬುದನ್ನು ಕೈಯಿಂದ ಮಾಡಿ ನೋಡಿದ ಮಗುವು 502ನ್ನು ನಾಲ್ಕು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿಯೆಂದು ಕಂಡು 224 ಎಂಬ ಉತ್ತರವನ್ನು ತರುವುದು. ಸೊನ್ನೆಯು ಏನೂ ಇಲ್ಲದುದಲ್ಲ, ಸ್ಥಾನವನ್ನು ಕಾಯುವುದು ಎಂಬ ತಿಳಿವು ಇಲ್ಲಿಯೇ ಹುಟ್ಟುವುದು.

ಮಗ್ಗಿಯ ಬಾಯಿಪಾಠವು ಬೇಕು. ಹಿರಿಯರ ಆ ಪದ್ಧತಿಯನ್ನು ಹೀನೈಸಲಾಗದು. ಆದರೆ ಪಂಕ್ತಿಗೆ 24 ಮಂದಿಯಂತೆ 6 ಪಂಕ್ತಿಗಳು ಪ್ರಸಾದಕ್ಕೆ ಕುಳಿತರೆ ಎಲೆಗಳೆಷ್ಟು ಬೇಕೆಂದು ಕೇಳಿದಾಗ, ಇಲ್ಲಿ ಕೂಡಬೇಕೋ ಗುಣಿಸಬೇಕೋ ಎಂಬುದನ್ನು ಮಗ್ಗಿಯು ಹೇಳಿಕೊಡದು. ಇಪ್ಪತ್ತನ್ನು ಆರು ಸಲ, ನಾಲ್ಕನ್ನು ಆರು ಸಲ ಎಣಿಸಿ 120ಕ್ಕೆ 24ನ್ನು ಕೂಡಿಸಿ 144 ಎಂದ ಮಗುವಿಗೆ ಮಗ್ಗಿಯೂ ತಿಳಿಯಿತು, ಅದರ ಉಪಯೋಗವೂ ತಿಳಿಯಿತು. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಇದೇ ಲೆಕ್ಕವನ್ನು ಅಂಕಿಗಳಲ್ಲಿ ಕೊಟ್ಟರೆ ಮಾಡುವ ಮಗುವು ವಾಕ್ಯದಲ್ಲಿ ಕೊಟ್ಟರೆ ಸುಮ್ಮನಾಗುವುದುಂಟು. ಅದರ ಕೊರತೆಯು ಲೆಕ್ಕದಲ್ಲಿಲ್ಲ, ಓದಿನಲ್ಲಿರುವುದು. ಆದಕಾರಣ ಈ ಎರಡು ವಿದ್ಯೆಗಳನ್ನು ಬೇರೆಬೇರೆಯೆಂದು ತಿಳಿಯಲಾಗದು.

"ಈ ವರ್ಷ ಕಲಿಯದಿದ್ದರೆ ಮುಂದಿನ ವರ್ಷ ಕಲಿತೀತು, ಅವಸರವೇನು?" ಎಂದು ಕೆಲವರು ಆಕ್ಷೇಪಿಸಬಹುದು. ಸಮಾಧಾನವೇನೆಂದರೆ, ಕಲಿತರೂ ಕಲಿಯದಿದ್ದರೂ ಮಗುವು ನಾಲ್ಕನೆಯ ತರಗತಿಗೆ ಏರಿಯೇ ಏರುವುದು. 2009ರ ಶಿಕ್ಷಣ ಹಕ್ಕು ಕಾಯಿದೆಯು ಮಗುವನ್ನು ಹಿಂದೆ ನಿಲ್ಲಿಸುವುದನ್ನು ನಿಷೇಧಿಸಿತು. 2019ರ ತಿದ್ದುಪಡಿಯು 5 ಮತ್ತು 8ನೆಯ ತರಗತಿಗಳಿಗೆ ಮಾತ್ರ ಸಂಬಂಧಿಸಿದುದು. ಎಳೆಯ ಮಗುವಿಗೆ ಅಪಮಾನವಾಗಬಾರದೆಂಬ ಈ ಕರುಣೆಯು ಯುಕ್ತವಾದುದೇ. ಆದರೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯು ಮೂರನೆಯ ತರಗತಿಯವರೆಗೆ ಮಾತ್ರವೇ ಮಗುವನ್ನು ಅದರದರ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ಅಲ್ಲಿಂದ ಮುಂದೆ ಎಲ್ಲರಿಗೂ ಒಂದೇ ಪುಟ, ಒಂದೇ ದಿನ. ಒತ್ತಕ್ಷರವನ್ನು ಪುನಃ ಕಲಿಸುವ ವೇಳೆಯು ಅಲ್ಲಿಲ್ಲ. ಆಗ ಮಗುವು ತನ್ನ ಕೊರತೆಯನ್ನು ಮುಚ್ಚಿಕೊಳ್ಳಲು ಕಲಿಯುವುದು: ಪಾಠವನ್ನು ಕೇಳಿ ಬಾಯಿಪಾಠ ಮಾಡಿ ಒಪ್ಪಿಸುವುದು, ಬೆರಳು ಒಂದು ಸಾಲಿನಲ್ಲಿ, ಬಾಯಿ ಮತ್ತೊಂದು ಸಾಲಿನಲ್ಲಿ. ನೋಡುವವರು ಮೆಚ್ಚುವರು, ಮಗುವು ಒಳಗೆ ಅಂಜುವುದು. ಆ ಅಂಜಿಕೆಯೇ ಮುಂದೆ ಶಾಲೆಯನ್ನು ಬಿಡಿಸುವುದು.

ಹೀಗಿರುವಲ್ಲಿ ಭಕ್ತರು ಮಾಡತಕ್ಕದ್ದು ಕಠಿನವಾದುದಲ್ಲ. ಸಂಜೆ ದೀಪ ಹಚ್ಚಿದ ಬಳಿಕ ಅರ್ಧ ಗಂಟೆ ಮಗುವಿನ ಬಳಿ ಕುಳಿತುಕೊಳ್ಳಿರಿ. ಒಪ್ಪಿಸಿದ ಪಾಠವನ್ನಲ್ಲ, ಅದು ಹಿಂದೆ ನೋಡಿರದ ನಾಲ್ಕು ಸಾಲುಗಳನ್ನು ಓದಿಸಿ ಎರಡು ಪ್ರಶ್ನೆ ಕೇಳಿರಿ. ಅಕ್ಷರ ಬಾರದ ತಾಯಿಯೂ "ಏನು ಓದಿದೆ, ನನಗೆ ಹೇಳು ಮಗು" ಎಂದು ಕೇಳಬಹುದು. ಕೇಳುವವರಿದ್ದರೆ ಮಗುವು ಅರ್ಥವನ್ನು ಹುಡುಕುವುದು. ಸಂತೆಯಲ್ಲಿ ಚಿಲ್ಲರೆಯನ್ನು ಅದರ ಕೈಯಿಂದಲೇ ಎಣಿಸಿರಿ. ಕಾಲು, ಅರ್ಧ, ಮುಕ್ಕಾಲುಗಳನ್ನು ರೊಟ್ಟಿಯ ತುಣುಕಿನಲ್ಲಿ ತೋರಿಸಿರಿ. ತಪ್ಪಿದರೆ ಹೊಡೆಯಬೇಡಿರಿ, ಎಲ್ಲಿ ತಪ್ಪಿತೆಂದು ನೋಡಿರಿ. ಪುಸ್ತಕವನ್ನು ಕಣ್ಣಿಗೆ ತೀರ ಹತ್ತಿರ ಹಿಡಿಯುವ ಮಗುವನ್ನು ವೈದ್ಯರಿಗೆ ತೋರಿಸಿರಿ. ಪ್ರಸಾದನಿಲಯಗಳನ್ನು ನಡೆಸುವ ಮಠಗಳೂ, ಹೊಸದಾಗಿ ಬಂದ ಮಗುವು ಯಾವ ತರಗತಿಯದೆಂದು ಕೇಳುವುದರೊಂದಿಗೆ ಏನನ್ನು ಓದಬಲ್ಲುದೆಂದು ಕೇಳಿ, ಹಿಂದುಳಿದವರಿಗೆ ದಿನಕ್ಕೊಂದು ಗಂಟೆಯನ್ನು ಮೀಸಲಿಡತಕ್ಕದ್ದು.

ದೊಡ್ಡ ವಿದ್ಯಾಲಯಗಳಿಗೆ ದಾನ ಮಾಡುವವರು ಅನೇಕರಿರುವರು. ಅವರ ಹೆಸರು ಕಲ್ಲಿನಲ್ಲಿ ಉಳಿಯುವುದು. ಮೂರನೆಯ ತರಗತಿಯ ಮಗುವಿನ ಪಕ್ಕದಲ್ಲಿ ಕುಳಿತು ಒಂದು ಒತ್ತಕ್ಷರವನ್ನು ಬಿಡಿಸಿಕೊಟ್ಟವರ ಹೆಸರು ಎಲ್ಲಿಯೂ ಉಳಿಯದು. ಆದರೆ ಆ ಮಗುವು ಮುಂದೆ ಓದುವ ಪ್ರತಿಯೊಂದು ಸಾಲಿನಲ್ಲಿಯೂ ಅವರ ಸೇವೆಯು ಇರುವುದು. ಅಂತಹ ಸೇವೆಗೆ ಸರ್ವರಿಗೂ ಬುದ್ಧಿಯುಂಟಾಗಲಿ. ಶುಭಮಸ್ತು.