ಎಳೆಯರ ಕಲಿಕೆ ಅಳೆಯಲು ಯಾವ ಕೈಪಿಡಿ?



ಮಗು ಮೂರು ವರ್ಷಕ್ಕೆ ಎಷ್ಟು ಮಾತಾಡಬೇಕು, ನಾಲ್ಕಕ್ಕೆ ಎಷ್ಟರವರೆಗೆ ಎಣಿಸಬೇಕು ಅಂತ ನಮ್ಮ ಮನೆಗಳಲ್ಲಿ ಅಜ್ಜಿ ಹೇಳುತ್ತಾರೆ. ಅವರು ಸುಮ್ಮನಿದ್ದರೆ ಪಕ್ಕದ ಮನೆಯವರು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಈ ಉಸಾಬರಿಯನ್ನು ಸರ್ಕಾರವೇ ಮೈಮೇಲೆ ಹಾಕಿಕೊಂಡು ಹತ್ತಿರ ಹತ್ತಿರ ಮೂವತ್ತು ವರ್ಷವಾಯಿತು. ಅಲ್ಲಿನ ಶಿಶುವಿಹಾರದ ಶಿಕ್ಷಕಿಯ ಮೇಜಿನ ಮೇಲೆ ಈಗ ಮುಖ್ಯವಾಗಿ ಎರಡು ಕೈಪಿಡಿಗಳಿವೆ. ಎರಡೂ ಕಡ್ಡಾಯವಲ್ಲ, ಯಾವುದನ್ನು ಹಿಡಿಯಬೇಕೆಂಬುದು ಅವರಿಗೇ ಬಿಟ್ಟದ್ದು. ಈ ಆಯ್ಕೆ ಅವರ ಪಾಲಿಗೆ ಬಂದದ್ದು ಹೇಗೆ ಅನ್ನುವುದನ್ನು ಇವತ್ತು ನೋಡೋಣ.

ಸರ್ಕಾರ ತಲೆಹಾಕುವುದಕ್ಕೆ ಬಹಳ ಮೊದಲೇ, 1924ರಲ್ಲಿ, ಕೇಂಬ್ರಿಜ್‌ನಲ್ಲಿ ಮಾಲ್ಟಿಂಗ್ ಹೌಸ್ ಎಂಬ ಪುಟ್ಟ ಶಾಲೆ ಶುರುವಾಯಿತು. ಅದನ್ನು ನಡೆಸಿದವರು ಸೂಸನ್ ಐಸಾಕ್ಸ್. ಮಕ್ಕಳು ಆಡಿದ್ದು, ಮಾಡಿದ್ದು ಎಲ್ಲವನ್ನೂ ಅಲ್ಲಿ ಬರೆದಿಡುತ್ತಿದ್ದರು. ಒಂದು ದಿನ ಶಾಲೆಯ ಮೊಲ ಸತ್ತಿತು. ನೀರಿಗೆ ಹಾಕಿದರೆ ಬದುಕುತ್ತದೆ ಅಂದ ಒಬ್ಬ ಹುಡುಗ; ಹಾಕಿಯೇ ನೋಡಿದರು. ಬದುಕಲಿಲ್ಲ, ಹೂತರು. ಮರುದಿನ ಮಕ್ಕಳಲ್ಲಿ ಚರ್ಚೆ: ಮೊಲ ಆಕಾಶಕ್ಕೆ ಹೋಗಿರಬೇಕು, ಅಗೆದು ಪ್ರಯೋಜನವಿಲ್ಲ ಅಂತ. ಐಸಾಕ್ಸ್ ಗದರಲೂ ಇಲ್ಲ, ಉಪದೇಶವನ್ನೂ ಮಾಡಲಿಲ್ಲ. ಇದೆಯೋ ಇಲ್ಲವೋ ನೋಡೋಣವೇ ಎಂದು ತಾವೂ ಅಗೆಯಲು ಕೂತರು. ಮೊಲ ಅಲ್ಲೇ ಇತ್ತು. 1930ರಲ್ಲಿ ಬಂದ ಅವರ ಪುಸ್ತಕದಲ್ಲಿ ಈ ಪ್ರಸಂಗವಿದೆ. ಆ ಮಕ್ಕಳು ಹೇಗೆ ಯೋಚಿಸುತ್ತಿದ್ದರು ಎಂಬುದು ಅದರಲ್ಲಿ ಕಣ್ಣಿಗೆ ಕಟ್ಟುತ್ತದೆ. ಆದರೆ ಅದನ್ನು ಯಾವ ಕಾಲಂನಲ್ಲಿ ತುಂಬುತ್ತೀರಿ?

ಅದೇ ಹೊತ್ತಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಗೆಸೆಲ್ ಬೇರೆ ದಾರಿ ಹಿಡಿದಿದ್ದರು: ಇಷ್ಟು ತಿಂಗಳಿಗೆ ಮಗು ಇದನ್ನು ಮಾಡಬೇಕು ಎಂಬ ಪಟ್ಟಿಯ ದಾರಿ. ನೋಡಿ ಬರೆಯುವುದೋ, ಪಟ್ಟಿ ಹಿಡಿದು ಅಳೆಯುವುದೋ? ಮುಂದಿನ ಕೈಪಿಡಿಗಳೆಲ್ಲ ಈ ಎರಡರ ನಡುವೆ ಜೋಲಿ ಹೊಡೆದವು.

1996ರಲ್ಲಿ ಇಂಗ್ಲೆಂಡಿನ ಸರ್ಕಾರ ಶಾಲೆ ಸೇರುವ ವೇಳೆಗೆ ಮಗು ಮುಟ್ಟಬೇಕಾದ ಮಟ್ಟವನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿತು. 1998ರಲ್ಲಿ ಶಾಲೆ ಸೇರಿದ ಹೊಸದರಲ್ಲೇ ಪರೀಕ್ಷಿಸುವ ನಿಯಮ ಬಂತು. ಒಪ್ಪಿಗೆ ಪಡೆದ ಪರೀಕ್ಷಾ ವಿಧಾನಗಳೇ 90ಕ್ಕೂ ಹೆಚ್ಚು! ಒಂದು ಊರಿನ ಅಂಕ ಇನ್ನೊಂದು ಊರಿಗೆ ಹೊಂದುವುದು ಹೇಗೆ? ನಾಲ್ಕೇ ವರ್ಷಕ್ಕೆ ಅದನ್ನು ಕೈಬಿಟ್ಟರು. 2000ದಲ್ಲಿ ಮೂರರಿಂದ ಐದು ವರ್ಷದವರಿಗೆ ಮಾರ್ಗದರ್ಶಿ, 2002ರಲ್ಲಿ ಹಸುಗೂಸುಗಳಿಂದ ಮೂರು ವರ್ಷದವರೆಗಿನವರಿಗೆ ಇನ್ನೊಂದು. ಈ ಎರಡನೆಯದು ನನಗೆ ಇಷ್ಟವಾದದ್ದು. ಅದು ಮಗುವನ್ನು ವಿಷಯವಾರು ಕತ್ತರಿಸದೆ, ಗಟ್ಟಿ ಮಗು, ಮಾತುಗಾರ ಮಗು, ಕಲಿಯಬಲ್ಲ ಮಗು, ಆರೋಗ್ಯವಂತ ಮಗು ಎಂದು ನಾಲ್ಕು ಕಡೆಯಿಂದ ನೋಡಿತು.

2008ರಲ್ಲಿ ಎಲ್ಲವನ್ನೂ ಕಾನೂನಿನ ಒಂದೇ ಚೌಕಟ್ಟಿಗೆ ತಂದರು. ಐದನೇ ವಯಸ್ಸಿಗೆ 69 ಗುರಿಗಳು. ವರ್ಷದ ಕೊನೆಗೆ ಪ್ರತಿ ಮಗುವಿಗೂ 117 ಅಂಶಗಳ ದಾಖಲೆ. ಮೂವತ್ತು ಮಕ್ಕಳ ತರಗತಿಯೆಂದರೆ 3,510 ತೀರ್ಮಾನ. ಮಗು ಮರಳಲ್ಲಿ ಆಡುತ್ತಿದ್ದರೆ ಪಕ್ಕದಲ್ಲಿ ಶಿಕ್ಷಕಿ ಅಂಟುಚೀಟಿಯ ಮೇಲೆ ಗೀಚುತ್ತಾ ನಿಲ್ಲಬೇಕಾಯಿತು. ಈ ಚೌಕಟ್ಟನ್ನು ಪರಿಶೀಲಿಸಿದ ಕ್ಲೇರ್ ಟಿಕೆಲ್ ಅವರ ವರದಿಯ ನಂತರ, 2012ರಲ್ಲಿ, 69 ಹೋಗಿ 17 ಗುರಿಗಳಾದವು. ಜೊತೆಗೆ ‘ಡೆವಲಪ್‌ಮೆಂಟ್ ಮ್ಯಾಟರ್ಸ್’ ಎಂಬ ಕೈಪಿಡಿ ಬಂತು.

ನನ್ನ ದೃಷ್ಟಿಯಲ್ಲಿ ಕಥೆಯ ನಿಜವಾದ ತಿರುವು ಇಲ್ಲಿದೆ. ಆ ಕೈಪಿಡಿಯಲ್ಲಿ ವಯಸ್ಸಿನ ಪಟ್ಟಿಗಳನ್ನು ಬೇಕೆಂದೇ ಒಂದರ ಮೇಲೊಂದು ಹಾಯುವಂತೆ ಇಟ್ಟಿದ್ದರು: 22ರಿಂದ 36 ತಿಂಗಳು, 30ರಿಂದ 50 ತಿಂಗಳು, ಹೀಗೆ. ಇದನ್ನು ಟಿಕ್ ಹಾಕುವ ಪಟ್ಟಿಯಾಗಿ ಬಳಸಬೇಡಿ ಎಂದು ಮತ್ತೆ ಮತ್ತೆ ಅಚ್ಚು ಹಾಕಿಯೂ ಇದ್ದರು. ಆದದ್ದೇನು? ಎಲ್ಲೆಲ್ಲೂ ಟಿಕ್ ಹಾಕಿದರು. 30ರಿಂದ 50 ತಿಂಗಳ ಪಟ್ಟಿಯನ್ನು ‘ಪ್ರವೇಶ’, ‘ಬೆಳೆಯುತ್ತಿದೆ’, ‘ಭದ್ರ’ ಎಂದು ಮೂರು ಹೋಳು ಮಾಡಿ ಕಂಪ್ಯೂಟರಿಗೆ ಊಡಿ, ಪ್ರತಿ ಅವಧಿಯಲ್ಲೂ ಮಗು ಒಂದು ಮೆಟ್ಟಿಲು ಹತ್ತಿದೆ ಎಂದು ತೋರಿಸತೊಡಗಿದರು. ತಪಾಸಣೆಗೆ ಬಂದವರಿಗೆ ಅಂಕಿಅಂಶ ಬೇಕಾಗುತ್ತದೆ ಎಂಬ ಭಯ. ಅಂಗನವಾಡಿಯ ತಕ್ಕಡಿಯಲ್ಲಿ ಕೂರಿಸಿ ಚಾರ್ಟಿನ ಗೆರೆ ನೋಡಿದ ಹಾಗೆ ಮಗುವಿನ ಕುತೂಹಲವನ್ನೂ ತೂಗಿದ್ದು ಆಯಿತು.

2015ರಲ್ಲಿ, ಶಾಲೆ ಸೇರಿದ ಹೊಸದರ ಆ ಪರೀಕ್ಷೆ ಮತ್ತೆ ತಲೆಯೆತ್ತಿತು, ಈ ಸಲ ಮೂರು ಸಂಸ್ಥೆಗಳ ಮೂರು ವಿಧಾನ. ಮರುವರ್ಷವೇ ಅವುಗಳ ಅಂಕಗಳನ್ನು ಒಂದಕ್ಕೊಂದು ಹೋಲಿಸಲಾಗದೆಂದು ಸರ್ಕಾರ ಒಪ್ಪಿಕೊಂಡಿತು. 1998ರ ಪಾಠ ಯಾರಿಗೂ ನೆನಪಿರಲಿಲ್ಲವೇನೋ! 2021ರಿಂದ ಒಂದೇ ಮಾದರಿಯ, ಸುಮಾರು ಇಪ್ಪತ್ತು ನಿಮಿಷದ ಪರೀಕ್ಷೆ ಜಾರಿಯಲ್ಲಿದೆ.

ಅದೇ 2021ರಲ್ಲಿ ಚೌಕಟ್ಟೂ ಹೊಸದಾಯಿತು. ಮೌಲ್ಯಮಾಪನಕ್ಕಾಗಿ ಶಿಕ್ಷಕರು ಮಕ್ಕಳಿಂದ ಬಹಳ ಹೊತ್ತು ದೂರವಾಗಬಾರದು, ವಿಪರೀತ ಕಾಗದಪತ್ರ ಬೇಡ ಎಂದು ಅದು ಹೇಳುತ್ತದೆ. ಶಿಕ್ಷಣತಜ್ಞ ಜೂಲಿಯನ್ ಗ್ರೆನಿಯರ್ ಮುಂದಾಳತ್ವದಲ್ಲಿ ‘ಡೆವಲಪ್‌ಮೆಂಟ್ ಮ್ಯಾಟರ್ಸ್’ ಅನ್ನು ತಿದ್ದಿ ಬರೆದರು. ಸಣ್ಣ ಸಣ್ಣ ಪಟ್ಟಿ ಹೋಗಿ ಮೂರೇ ದೊಡ್ಡ ಹಂತಗಳು ಉಳಿದವು. ಇದರಲ್ಲಿ ಶಾಲೆಯ ವಾಸನೆ ಹೆಚ್ಚಾಯಿತು, ಆಟಕ್ಕೆ ಜಾಗ ಸಾಲದು ಎಂದವರೂ ಇದ್ದರು. 16 ಸಂಘಟನೆಗಳು ಸೇರಿ ತಮ್ಮದೇ ‘ಬರ್ತ್ ಟು 5 ಮ್ಯಾಟರ್ಸ್’ ಹೊರತಂದವು. ಅದರಲ್ಲಿ ಹಂತಗಳು ಆರು.

ಶಿಕ್ಷಕಿಯ ಮೇಜಿನ ಮೇಲಿನ ಎರಡು ಕೈಪಿಡಿಗಳು ಇವೇ. ಯಾವುದು ಮೇಲು? ಕೆಲಸಕ್ಕೆ ಹೊಸಬರಾದವರಿಗೆ ಮೊದಲನೆಯದು ಸಾಕು: ಚಿಕ್ಕದು, ನೇರ. ಆಟ, ಮಗು ಕಲಿಯುವ ರೀತಿ, ಮನೆಯ ಹಿನ್ನೆಲೆ ಇವನ್ನು ಆಳವಾಗಿ ತಿಳಿಯಬೇಕಾದವರಿಗೆ ಎರಡನೆಯದು. ಆದರೆ ಆ ಆರು ಹಂತಗಳೂ ಟಿಕ್ ಪಟ್ಟಿಯಾಗಬಹುದು. ಹಳೆಯ ಚಾಳಿ ಸುಲಭಕ್ಕೆ ಬಿಡುವುದಿಲ್ಲ. ನಾನಾದರೆ ಎರಡನ್ನೂ ಕಪಾಟಿನಲ್ಲಿಟ್ಟು, ಒಂದು ವಾರ ಮಕ್ಕಳನ್ನು ಸುಮ್ಮನೆ ನೋಡಿ, ಆಮೇಲೆ ತೆರೆಯುತ್ತೇನೆ.

ಇನ್ನೊಂದು ಮಾತು, ಮಕ್ಕಳು ಮೊಮ್ಮಕ್ಕಳು ಅಲ್ಲಿರುವ ಕೇಳುಗರಿಗೆ. ಮಗುವಿನ ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೆ, ಮನೆಮಾತಿನಲ್ಲಿ ಅದು ಹೇಗೆ ಮಾತಾಡುತ್ತದೆ ಎಂದು ತಂದೆತಾಯಿಯ ಜೊತೆ ಕೂತು ವಿಚಾರಿಸಬೇಕು, ಆಮೇಲಷ್ಟೇ ಮಾತು ಹಿಂದುಳಿದಿದೆಯೇ ಎಂದು ನಿರ್ಧರಿಸಬೇಕು. ಇದು ಆ ಚೌಕಟ್ಟಿನ ಕಡ್ಡಾಯ ಭಾಗ. ಆದ್ದರಿಂದ ವರದಿಯಲ್ಲಿ ಮಾತು ಹಿಂದಿದೆ ಎಂದು ಕಂಡರೆ ಗಾಬರಿಯಾಗಬೇಡಿ, ಕನ್ನಡ ಬಿಡಿಸಲೂ ಹೋಗಬೇಡಿ. ಮಗು ಮನೆಯಲ್ಲಿ ಕನ್ನಡದಲ್ಲಿ ಏನೇನು ಹೇಳುತ್ತದೆ, ಯಾವ ಕಥೆ ಕೇಳುತ್ತದೆ, ಯಾವ ಪ್ರಶ್ನೆ ಕೇಳಿ ಪ್ರಾಣ ಹಿಂಡುತ್ತದೆ ಎಂಬುದನ್ನು ಬರೆದುಕೊಂಡು ಹೋಗಿ ಶಿಕ್ಷಕಿಗೆ ತಿಳಿಸಿ.