ನೂತನ ಪದವಿಯ ಯೋಜನೆಯೂ ಅದರ ಅಂಗೀಕಾರವೂ

(ಡಿಜಿಟಲ್ ಮಾಧ್ಯಮದ ಶಿಕ್ಷಣವನ್ನು ಕುರಿತು ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಯಾವ ಶಾಸ್ತ್ರವನ್ನು ಪಾಠ ಹೇಳಲು ತೊಡಗಿದರೂ ಮೊದಲು ನಾಲ್ಕು ಸಂಗತಿಗಳನ್ನು ನಿಶ್ಚಯಿಸಿಕೊಳ್ಳತಕ್ಕದ್ದೆಂಬುದು ಪಾಠಶಾಲೆಗಳಲ್ಲಿ ನಡೆದುಬಂದ ಸಂಪ್ರದಾಯವಾಗಿದೆ. ಆ ಶಾಸ್ತ್ರದ ವಿಷಯವೇನು, ಅದರಿಂದಾಗುವ ಪ್ರಯೋಜನವೇನು, ಅದನ್ನು ಓದತಕ್ಕ ಅಧಿಕಾರಿ ಯಾರು, ಇವುಗಳೊಳಗಿನ ಸಂಬಂಧವೆಂಥದು ಎಂಬ ಈ ನಾಲ್ಕಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಇವು ನಿಶ್ಚಯವಾಗದಿದ್ದರೆ ಗುರುವಿನ ಶ್ರಮವೂ ಶಿಷ್ಯನ ಆಯುಷ್ಯವೂ ವ್ಯರ್ಥವಾಗುವುವು. ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಸೀಮೆಯಲ್ಲಿ ಯಾವುದಾದರೊಂದು ಕಾಲೇಜು ಡಿಜಿಟಲ್ ಮಾಧ್ಯಮವೆಂಬ ಹೊಸ ವಿದ್ಯೆಗೆ ಪದವಿಯ ತರಗತಿಯನ್ನು ತೆರೆಯಬೇಕೆಂದು ಬಯಸಿದರೆ, ಅದು ಮೊದಲು ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ವಿಶ್ವವಿದ್ಯಾಲಯದ ಅಂಗೀಕಾರವು ಆಮೇಲಿನ ಮಾತು.

ಮೊದಲನೆಯದು ವಿಷಯ. ಅಕ್ಷರ, ಧ್ವನಿ, ಚಿತ್ರ, ಚಲಿಸುವ ಚಿತ್ರ ಇವೆಲ್ಲವನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಸಾಲುಗಳನ್ನಾಗಿ ಮಾಡಿ, ಕಂಪ್ಯೂಟರಿನಲ್ಲಿ ಕಾದಿಟ್ಟು, ತಿದ್ದಿ, ಕ್ಷಣಮಾತ್ರದಲ್ಲಿ ದೇಶಾಂತರಕ್ಕೆ ಮುಟ್ಟಿಸುವ ವಿದ್ಯೆಗೆ ಡಿಜಿಟಲ್ ಮಾಧ್ಯಮವೆನ್ನುವರು. ಇದು ಹೊಸದೆಂದು ಬೆರಗಾಗಬೇಕಾದುದಿಲ್ಲ. ಕನ್ನಡದ ಅಕ್ಷರಗಳು ಶಿಲೆಯಿಂದ ಓಲೆಗರಿಗೆ, ಓಲೆಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಬಂದಿವೆ. 1843ರಲ್ಲಿ ಮಂಗಳೂರಿನಿಂದ ಹೊರಟ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ಪತ್ರಿಕೆಯಾಯಿತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆತು, ಒಂದು ಯಂತ್ರದಲ್ಲಿ ಬರೆದುದನ್ನು ಮತ್ತೊಂದು ಯಂತ್ರದಲ್ಲಿ ಓದುವುದಕ್ಕೆ ದಾರಿಯಾಯಿತು.

ಆದರೆ ಯಂತ್ರವು ವಿಷಯದ ಅರ್ಧ ಮಾತ್ರ. ಯಂತ್ರದಲ್ಲಿ ಹಾಕತಕ್ಕ ಸರಕು ಇನ್ನರ್ಧ. ಇದಕ್ಕೆ ದೂರದ ನಿದರ್ಶನ ಬೇಡ. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ, ಮಠಗಳಲ್ಲಿ ಅಡಗಿದ್ದ ಓಲೆಗರಿಯ ಕಟ್ಟುಗಳನ್ನು ಹುಡುಕಿ ತಂದು ಶೋಧಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಕೈಬರಹವಿದ್ದರೂ ಅಚ್ಚು ಮಾಡುವವರು ದೊರೆಯದೆ ಪಟ್ಟ ಪಾಡನ್ನು ನೆನೆದು, 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ವನ್ನೂ 1927ರಲ್ಲಿ ‘ನವಕರ್ನಾಟಕ’ವನ್ನೂ ಆರಂಭಿಸಿದರು. ಅವರಲ್ಲಿ ವಚನಗಳಿದ್ದು ಮುದ್ರಣಾಲಯವಿಲ್ಲದಿದ್ದರೆ ಆ ಓಲೆಗಳು ಹುಳು ತಿಂದು ಹೋಗುತ್ತಿದ್ದುವು. ಮುದ್ರಣಾಲಯವಿದ್ದು ವಚನಗಳಿಲ್ಲದಿದ್ದರೆ ಅದು ಲಗ್ನಪತ್ರಿಕೆಗಳನ್ನು ಅಚ್ಚುಹಾಕಿ ಮುಗಿಯುತ್ತಿದ್ದಿತು. ಆದುದರಿಂದ ಈ ಪದವಿಯ ಪಾಠಕ್ರಮದಲ್ಲಿ ಛಾಯಾಚಿತ್ರ, ಧ್ವನಿಮುದ್ರಣ, ಚಿತ್ರಸಂಕಲನ ಇವುಗಳ ಜೊತೆಗೆ ಶುದ್ಧವಾದ ಕನ್ನಡ ಗದ್ಯ, ನಾಡಿನ ಚರಿತ್ರೆ, 1957ರ ಕೃತಿಸ್ವಾಮ್ಯದ ಕಾಯಿದೆ, 2000ದ ಮಾಹಿತಿ ತಂತ್ರಜ್ಞಾನದ ಕಾಯಿದೆ, ಸುದ್ದಿಯ ಸತ್ಯಾಸತ್ಯವಿವೇಕ ಇವೆಲ್ಲವೂ ಸಮನಾಗಿ ಇರತಕ್ಕದ್ದು.

ಎರಡನೆಯದು ಪ್ರಯೋಜನ. ಪದವಿ ಮುಗಿದೊಡನೆ ದೊಡ್ಡ ಸಂಬಳದ ಕೆಲಸ ಕಾದಿದೆಯೆಂದು ತಂದೆತಾಯಿಗಳಿಗೆ ಹೇಳುವುದು ಸುಲಭ. ಆದರೆ ಹಾಗೆ ಹೇಳುವುದು ಧರ್ಮವಲ್ಲ. ಹೇಳಬಹುದಾದುದು ಇಷ್ಟು: ಈ ವಿದ್ಯೆಗೆ ಈ ಸೀಮೆಯಲ್ಲಿಯೇ ಕಾಯಕವುಂಟು. ಜಿಲ್ಲೆಯ ಮುಖ್ಯಪಟ್ಟಣವಾದ ಗದಗು ಮುದ್ರಣಕಾಶಿಯೆಂದು ಹೆಸರಾದುದು. ಅಲ್ಲಿ ಅಕ್ಷರದ ಕಾಯಕಕ್ಕೆ ಹಳೆಯ ಬೇರುಗಳಿವೆ. ಗಜೇಂದ್ರಗಡದ ನೇಕಾರನು ತನ್ನ ಸೀರೆಯ ಅಂಚನ್ನು ದೂರದ ಗಿರಾಕಿಗೆ ತೋರಿಸಬಲ್ಲವನಾದರೆ ನಡುವಿನ ದಲ್ಲಾಳಿಯ ಹಂಗು ಕಡಿಮೆಯಾಗುವುದು. ನರಗುಂದದ ಎರೆಭೂಮಿಯ ಒಕ್ಕಲಿಗನಿಗೆ ಹತ್ತಿಯ ಧಾರಣೆ, ಮಳೆಯ ಮುನ್ಸೂಚನೆ, ಕಾಲುವೆಯ ನೀರಿನ ಸುದ್ದಿ ಇವು ಅವನ ಮಾತಿನಲ್ಲಿಯೇ ಸಕಾಲಕ್ಕೆ ಮುಟ್ಟಬೇಕು. ಸೂಡಿಯ ಜೋಡುಕಳಸದ ಗುಡಿ, ನಾಗಕುಂಡ, ಅಲ್ಲಿಯ ಶಾಸನಗಳು ಇವನ್ನು ಕ್ರಮವಾಗಿ ಚಿತ್ರಿಸಿ, ಪಾಠವನ್ನೋದಿ, ವಿವರ ಬರೆದಿಡಬೇಕು. ಹಳ್ಳಿಯ ಹಿರಿಯರ ಬಾಯಲ್ಲಿರುವ ಹಂತಿಯ ಪದ, ಬೀಸುವ ಪದ ಅವರೊಡನೆಯೇ ಹೋಗುವ ಮೊದಲು ಅವನ್ನು ಧ್ವನಿಮುದ್ರಿಸಬೇಕು. ಇವೆಲ್ಲಕ್ಕೂ ಕಲಿತ ಕೈಗಳು ಬೇಕು.

ಮೂರನೆಯದು ಅಧಿಕಾರಿ. ಇಲ್ಲಿ ಹೆಚ್ಚು ವಿಚಾರ ಮಾಡಬೇಕಾಗಿದೆ. ಈ ಕಾಲೇಜುಗಳಿಗೆ ಬರುವ ಮಕ್ಕಳಲ್ಲಿ ಅನೇಕರು ಕನ್ನಡದಲ್ಲಿಯೇ ಓದಿದವರು; ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತುವವರಲ್ಲಿ ಮೊದಲಿಗರು. ಮೊಬೈಲನ್ನು ಬಲ್ಲರು, ಕಂಪ್ಯೂಟರನ್ನು ಸ್ವಂತವಾಗಿ ಹೊಂದಿರಲಾರರು. ಇಂಥವರು ಈ ವಿದ್ಯೆಗೆ ಅನಧಿಕಾರಿಗಳೆಂದು ಭಾವಿಸುವುದು ದೊಡ್ಡ ತಪ್ಪು. ಹಾನಗಲ್ಲ ಕುಮಾರಸ್ವಾಮಿಗಳವರು ಕಣ್ಣಿಲ್ಲದ ಬಾಲಕನನ್ನು ಸಂಗೀತವಿದ್ಯೆಗೆ ಅಧಿಕಾರಿಯೆಂದು ಕಂಡರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾಗಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಿಂದ ಎಷ್ಟೋ ಅಂಧಮಕ್ಕಳಿಗೆ ವಿದ್ಯೆಯನ್ನೂ ಜೀವನವನ್ನೂ ಕೊಟ್ಟರು. ಅಧಿಕಾರವು ಶಿಷ್ಯನ ಕೈಯಲ್ಲಿರುವ ಸಾಧನದಿಂದ ಬರುವುದಿಲ್ಲ. ಅವನ ಜಿಜ್ಞಾಸೆಯಿಂದಲೂ ಗುರುವಿನ ಆರೈಕೆಯಿಂದಲೂ ಬರುವುದು. ಆದುದರಿಂದ ಮೊದಲಿನ ಆರು ತಿಂಗಳು ಭಾಷೆಗೂ ಯಂತ್ರಾಭ್ಯಾಸಕ್ಕೂ ಮೀಸಲಾಗಬೇಕು. ಪ್ರಯೋಗಶಾಲೆಯ ಬಾಗಿಲು ಪಾಠದ ಹೊತ್ತು ಮೀರಿದ ಮೇಲೂ ತೆರೆದಿರಬೇಕು. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳು ಕೊನೆಯ ಬಸ್ಸಿಗೆ ಮುಂಚೆ ಅಭ್ಯಾಸ ಮುಗಿಸುವಂತೆ ವೇಳೆಯನ್ನು ಗೊತ್ತುಪಡಿಸಬೇಕು.

ನಾಲ್ಕನೆಯದು ಸಂಬಂಧ. ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಸರಕಾರಕ್ಕೂ ಇರುವ ಸಂಬಂಧವು ಅಂಗೀಕಾರದ ರೂಪದಲ್ಲಿ ಕಾಣಿಸುವುದು. ಒಂದು ಕಾಲದಲ್ಲಿ ಈ ಭಾಗದ ತರುಣರು ಪದವಿಗಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿದ್ದಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಹುಟ್ಟಿತು. 1949ರಲ್ಲಿ ಮುಂಬಯಿ ಪ್ರಾಂತದ ಶಾಸನದಿಂದ ಕರ್ನಾಟಕ ವಿಶ್ವವಿದ್ಯಾಲಯವಾಯಿತು. ಗದಗು ಜಿಲ್ಲೆಯ ಈ ಮೂರು ತಾಲೂಕುಗಳ ಪದವಿ ಕಾಲೇಜುಗಳಿಗೆ ಅದೇ ಆಶ್ರಯ.

ಅಂಗೀಕಾರದ ಕ್ರಮವನ್ನು ಭಕ್ತರು ಸ್ಥೂಲವಾಗಿಯಾದರೂ ತಿಳಿದಿರಬೇಕು. ಸಂಯೋಜಿತ ಕಾಲೇಜು ತನಗೆ ತೋರಿದ ಪಾಠಕ್ರಮವನ್ನು ತಾನೇ ರಚಿಸಿ ಪದವಿ ಕೊಡಲಾರದು. ಪಾಠಕ್ರಮವನ್ನು ಸಿದ್ಧಪಡಿಸುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ. ಅದನ್ನು ಒಪ್ಪುವುದು ವಿದ್ಯಾವಿಷಯಕ ಪರಿಷತ್ತು. ಕಾಲೇಜಿನ ಆಡಳಿತಮಂಡಳಿಯು ಠರಾವು ಮಾಡಿ, 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆಗೆ ಅನುಸಾರವಾಗಿ ಸಂಯೋಜನೆಗೆ ಅರ್ಜಿ ಸಲ್ಲಿಸಬೇಕು. ಆಮೇಲೆ ಸ್ಥಳೀಯ ವಿಚಾರಣಾ ಸಮಿತಿಯು ಬಂದು ಕೋಣೆ, ಗ್ರಂಥಾಲಯ, ಪ್ರಯೋಗಶಾಲೆ, ಅಧ್ಯಾಪಕರು, ಹಣದ ಅನುಕೂಲ ಇವನ್ನು ಕಣ್ಣಾರೆ ನೋಡುವುದು. ವಿಶ್ವವಿದ್ಯಾಲಯದ ಮಂಡಳಿಗಳೂ ರಾಜ್ಯ ಸರಕಾರವೂ ಸಮ್ಮತಿಸಿದ ಮೇಲೆಯೇ ತರಗತಿಗೆ ಮಾನ್ಯತೆ.

ಪದವಿಯ ಹೆಸರಿನಲ್ಲಿಯೂ ಎಚ್ಚರವಿರಬೇಕು. 1956ರ ಶಾಸನದ ಮೇರೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು ನಿರ್ದೇಶಿಸಿದ ಹೆಸರುಗಳಲ್ಲಿಯೇ ಪದವಿಯನ್ನು ಕೊಡತಕ್ಕದ್ದು. ಕಿವಿಗೆ ಇಂಪಾದ ಹೆಸರಿಟ್ಟು, ಅದು ಆ ಪಟ್ಟಿಯಲ್ಲಿಲ್ಲದೆ ಹೋದರೆ, ಮುಂದೆ ಉಚ್ಚಶಿಕ್ಷಣಕ್ಕೋ ಸರಕಾರಿ ನೌಕರಿಗೋ ಹೋದ ವಿದ್ಯಾರ್ಥಿಯು ಪದವೀಪತ್ರವನ್ನು ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಾಗುವುದು. ಈ ವಿದ್ಯೆಯನ್ನು ಬಿಸಿಎ ಎಂಬ ಹೆಸರಿನಲ್ಲಿ ಕಲಿಸುವುದಾದರೆ 2024-25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆಯೂ ಅವಶ್ಯವಾಗಿದೆ. 2021ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಯ ಕ್ರಮವು ಬಂದು, 2024ರಲ್ಲಿ ಮರಳಿ ಮೂರು ವರ್ಷದ ಕ್ರಮವಾದುದನ್ನು ಎಲ್ಲರೂ ಕಂಡಿದ್ದಾರೆ. ಮೇಲಿನ ಚೌಕಟ್ಟು ಬದಲಾಗುತ್ತಿರುವುದು. ಒಳಗಿನ ಗುರುವೂ ವಿದ್ಯೆಯೂ ಗಟ್ಟಿಯಾಗಿದ್ದರೆ ಶಿಷ್ಯನಿಗೆ ಹಾನಿ ಕಡಿಮೆ.

ಇನ್ನು ಪೂರ್ವಪಕ್ಷಗಳು. ಮಕ್ಕಳು ಮೊದಲೇ ಹಗಲಿರುಳು ಮೊಬೈಲು ನೋಡುತ್ತಿರುವರು, ಆ ಚಟಕ್ಕೆ ಪದವಿಯನ್ನೂ ಕೊಡಬೇಕೆ ಎಂದು ಹಿರಿಯರು ಕೇಳುವರು. ಇದಕ್ಕೆ ಸಮಾಧಾನವೆಂದರೆ, ಗೊಂಬೆಯಾಟವನ್ನು ನೋಡುವುದು ಬೇರೆ, ಸೂತ್ರ ಹಿಡಿಯುವುದು ಬೇರೆ. ಸೂತ್ರದ ಮರ್ಮವನ್ನು ತಿಳಿದವನು ಸುಳ್ಳುಚಿತ್ರಕ್ಕೂ ಸುಳ್ಳುಸುದ್ದಿಗೂ ಬೇಗ ಮರುಳಾಗನು, ಊರವರನ್ನೂ ಎಚ್ಚರಿಸುವನು. ಹುಬ್ಬಳ್ಳಿ ಧಾರವಾಡಗಳಲ್ಲಿ ಕಲಿಯಬಹುದಲ್ಲ ಎಂಬುದು ಎರಡನೆಯ ಪೂರ್ವಪಕ್ಷ. ಕೋಣೆಯ ಬಾಡಿಗೆ, ಊಟದ ವೆಚ್ಚ ಕೊಡಬಲ್ಲವರಿಗೆ ಆ ದಾರಿಯುಂಟು. ಕೊಡಲಾರದವರಿಗೂ, ಮಗಳನ್ನು ದೂರ ಕಳಿಸಲು ಹಿಂಜರಿಯುವ ಮನೆಯವರಿಗೂ ಊರ ಕಾಲೇಜೇ ಗತಿ. ಯಂತ್ರಗಳು ಕೆಲವೇ ವರ್ಷಗಳಲ್ಲಿ ಹಳತಾಗುವುವು, ಹಣವೆಲ್ಲಿ ಎಂಬುದು ಮೂರನೆಯ ಪೂರ್ವಪಕ್ಷ. ಇದು ಮೂರರಲ್ಲಿಯೂ ಬಲವಾದುದು. ಮೊದಲ ದಿನದ ಉದ್ಘಾಟನೆಗೆ ದಾನಿಗಳು ದೊರೆಯುವರು. ಐದನೆಯ ವರ್ಷದ ದುರಸ್ತಿಗೆ ದೊರೆಯುವುದು ಕಷ್ಟ. ಆದುದರಿಂದ ಕಟ್ಟಡಕ್ಕಿಂತ ಮುಂಚೆ ನಿಧಿಯನ್ನು ಕೂಡಿಸಿ, ಅದರ ಬಡ್ಡಿಯಿಂದ ಯಂತ್ರಗಳು ಹೊಸದಾಗುವಂತೆ ಏರ್ಪಾಡು ಮಾಡತಕ್ಕದ್ದು.

ಇಲ್ಲಿ ಹಿಂದಿನವರ ನಡೆ ದಾರಿದೀಪವಾಗಿದೆ. ನರಗುಂದಕ್ಕೆ ನೆರೆಯ ನವಲಗುಂದ-ಸಿರಸಂಗಿ ದೇಶಗತಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಬಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಅಧ್ಯಾಪಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಆ ಏಳು ಜನ ಒಮ್ಮೆಲೇ ಕಾಲೇಜಿಗೆ ಕೈಹಾಕಲಿಲ್ಲ. ಶಾಲೆಯನ್ನು ನಡೆಯಿಸಿ, ಅಧ್ಯಾಪಕರನ್ನು ಬೆಳೆಯಿಸಿ, ಹದಿನೇಳು ವರ್ಷಗಳಾದ ಮೇಲೆ 1933ರಲ್ಲಿ ಲಿಂಗರಾಜರ ಹೆಸರಿನ ಕಾಲೇಜನ್ನು ತೆರೆದರು. ಅವಸರವಿಲ್ಲದ ಆ ಕ್ರಮವೇ ಅದನ್ನು ಉಳಿಸಿತು.

ಹಾಗೆಯೇ ಈ ವಿದ್ಯೆಗೂ ಮೆಟ್ಟಿಲುಗಳು ಬೇಕು. ಮೊದಲು ಒಂದು ವರ್ಷದ ಪ್ರಮಾಣಪತ್ರದ ತರಗತಿ. ಅದು ನಿಂತ ಮೇಲೆ ಕಲಾಪದವಿಯಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನವನ್ನು ಒಂದು ವಿಷಯವನ್ನಾಗಿ ಕಲಿಸುವುದು. ಅಧ್ಯಾಪಕರೂ ಪ್ರಯೋಗಶಾಲೆಯೂ ನೆಲೆಗೊಂಡ ಮೇಲೆ ಪ್ರತ್ಯೇಕ ಪದವಿ. ಹಂಗಾಮಿ ಅಧ್ಯಾಪಕರನ್ನೇ ನೆಚ್ಚಿ ಹೊಸ ಪದವಿಯನ್ನು ತೆರೆಯಬಾರದು. ಕನಿಷ್ಠಪಕ್ಷ ಇಬ್ಬರಾದರೂ ಕಾಯಂ ಅಧ್ಯಾಪಕರಿರಬೇಕು. ಎಲ್ಲಕ್ಕೂ ಮಿಗಿಲಾದ ನಿಯಮವೊಂದುಂಟು. ಅಂಗೀಕಾರದ ಆದೇಶವು ಕೈಸೇರುವುದಕ್ಕೆ ಮುಂಚೆ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನೂ ಸೇರಿಸಿಕೊಳ್ಳಕೂಡದು. ಆದೇಶವು ಬಂದೀತೆಂಬ ಭರವಸೆಯ ಮೇಲೆ ಮಕ್ಕಳನ್ನು ಕೂಡಿಸಿಕೊಂಡು, ಪರೀಕ್ಷೆಯ ಹೊತ್ತಿಗೆ ಅದು ಬಾರದೆ ಹೋದರೆ, ಹೋದ ವರ್ಷವನ್ನು ಯಾವ ಆಡಳಿತಮಂಡಳಿಯೂ ಆ ಮಗುವಿಗೆ ಮರಳಿಸಲಾರದು. ಹೊಲದ ಮೇಲೆ ಸಾಲ ಮಾಡಿ ಫೀ ಕಟ್ಟಿದ ತಂದೆಗೆ ಹೇಳುವ ಸಮಾಧಾನದ ಮಾತು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಭಕ್ತಮಹಾಶಯರೇ, ದಾಸೋಹವೆಂದರೆ ಹಸಿದವನಿಗೆ ಅನ್ನವಿಕ್ಕುವುದೆಂದು ಎಲ್ಲರೂ ಬಲ್ಲರು. ಬಡಿಸುವ ಮೊದಲು ಅನ್ನ ಬೆಂದಿದೆಯೇ ಎಂದು ನೋಡುವುದೂ ದಾಸೋಹದ ಅಂಗವೇ ಆಗಿದೆ. ಇಂಥ ಪದವಿಗಾಗಿ ಕಾಣಿಕೆ ಕೇಳಲು ಬಂದವರನ್ನು ಭಕ್ತರು ಆದರದಿಂದ ಕೂಡಿಸಿಕೊಂಡು, ಅಧ್ಯಾಪಕರು ಯಾರು, ನಿಧಿಯೆಷ್ಟು, ಆದೇಶವೆಲ್ಲಿ ಎಂದು ಕೇಳಬೇಕು. ಉತ್ತರವು ಸರಿಯಾಗಿದ್ದರೆ ಕೈತುಂಬ ಕೊಡಬೇಕು; ಸರಿಯಾಗಿಲ್ಲದಿದ್ದರೆ ಸಿದ್ಧಪಡಿಸಿಕೊಂಡು ಬನ್ನಿರೆಂದು ಹೇಳಬೇಕು. ಹೀಗೆ ಕೇಳುವ ಭಕ್ತರೂ, ಮುಚ್ಚುಮರೆಯಿಲ್ಲದೆ ಉತ್ತರ ಹೇಳುವ ಆಡಳಿತಗಾರರೂ ಈ ಮೂರು ತಾಲೂಕುಗಳಲ್ಲಿ ಒದಗಲಿ. ಇಲ್ಲಿಯ ಮಕ್ಕಳು ಹೊಸ ವಿದ್ಯೆಯಲ್ಲಿ ನಿಪುಣರಾಗಿ ಸತ್ಯಶುದ್ಧ ಕಾಯಕದಿಂದ ಬಾಳಲಿ ಎಂದು ಶ್ರೀಗುರುವಿನಲ್ಲಿ ಪ್ರಾರ್ಥನೆ.