ವಕೀಲಿ ವೃತ್ತಿ: ಇಂದಿನ ಸವಾಲು, ಬೇಕಾದ ನಾಯಕತ್ವ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 1984ರಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟವನು. ಆಗ ಪ್ರತಿದಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹುಡುಗ ಅಥವಾ ಹುಡುಗಿ ಮುಂದೆ ಬಂದು ವಾರ್ತೆ ಓದಬೇಕಿತ್ತು. ನನ್ನ ಸರದಿ ಬಂದಾಗ ಕಾಲು ನಡುಗುತ್ತಿತ್ತು, ದನಿ ಗಂಟಲಲ್ಲೇ ಉಳಿಯುತ್ತಿತ್ತು. ನಮ್ಮ ಕನ್ನಡ ಮೇಷ್ಟ್ರು ಪಕ್ಕದಲ್ಲೇ ನಿಂತು, "ಹಿಂದಿನ ಸಾಲಿಗೆ ಕೇಳಿಸಿತೇನೋ?" ಎಂದು ಕೇಳುತ್ತಿದ್ದರು. ಇಲ್ಲ ಎಂದು ಹಿಂದಿನ ಸಾಲಿನವರು ಕೈ ಎತ್ತಿದರೆ ಮತ್ತೆ ಮೊದಲಿನಿಂದ ಓದಬೇಕು. ಆಗ ಅದು ಶಿಕ್ಷೆ ಎನಿಸಿತ್ತು. ನನ್ನ ವೃತ್ತಿಗೆ ಬೇಕಾದ ಮೊದಲ ಪಾಠ ಅದೇ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಅದು ಹೇಗೆ ಎಂದು ಹೇಳುವುದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

1991ರಿಂದ ನಾನು ವಕೀಲ. ವಾರದಲ್ಲಿ ಕೆಲವು ದಿನ ನಂಜನಗೂಡಿನ ಕೋರ್ಟು, ಕೆಲವು ದಿನ ತಿರುಮಕೂಡಲು ನರಸೀಪುರದ ಕೋರ್ಟು. ಕಪಿಲೆ ನಂಜನಗೂಡು ದಾಟಿ, ಸುತ್ತೂರಿನ ಪಕ್ಕ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅವಳು ಹೋಗುವ ದಿಕ್ಕಿನಲ್ಲೇ ನಾನೂ ಫೈಲು ಹಿಡಿದು ಓಡಾಡಿಕೊಂಡಿದ್ದೇನೆ. ಸಿನಿಮಾದಲ್ಲಿ ಕಾಣುವ ಕೊಲೆ ಕೇಸು, ಮೇಜು ಗುದ್ದುವ ವಾದ ನಮ್ಮಲ್ಲಿ ಅಪರೂಪ. ನಮ್ಮ ತಾಲ್ಲೂಕಿನ ವಕೀಲನ ಮುಂದೆ ಬರುವುದು ಅಣ್ಣತಮ್ಮಂದಿರ ಭಾಗದ ದಾವೆ, ಬದುವಿನ ತಕರಾರು, ಪಹಣಿಯಲ್ಲಿ ತಪ್ಪಿದ ಹೆಸರು, ಬೌನ್ಸ್ ಆದ ಚೆಕ್ಕು, ಗಂಡ ಬಿಟ್ಟ ಹೆಣ್ಣುಮಗಳ ಜೀವನಾಂಶ, ಹೆದ್ದಾರಿಯಲ್ಲಿ ಅಪಘಾತವಾದವರ ಪರಿಹಾರ, ಕೈಗಾರಿಕೆಗೆ ಹೋದ ಜಮೀನಿನ ಬೆಲೆ. ಕಾಗದದ ಮೇಲೆ ಇವು ಸಣ್ಣ ಕೇಸುಗಳು. ಆ ಮನೆಯವರಿಗೆ ಮಾತ್ರ ಅದೇ ಪ್ರಪಂಚ.

ಈಗ ಒಂದು ಸಂಗತಿ ಹೇಳುತ್ತೇನೆ. ಕಕ್ಷಿದಾರರ ಗುಟ್ಟು ಕಾಯುವುದು ವಕೀಲನ ಕರ್ತವ್ಯ. ಆದ್ದರಿಂದ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. ತಪ್ಪು ನನ್ನದು, ಅದನ್ನು ಹೇಳುವ ಹಕ್ಕು ನನಗಿದೆ.

1997ರಲ್ಲಿ ಮೂವರು ಅಣ್ಣತಮ್ಮಂದಿರ ಭಾಗದ ದಾವೆಯೊಂದು ರಾಜಿಗೆ ಬಂತು. ತಂದೆ ತಾಯಿ ತೀರಿಹೋಗಿದ್ದರು. ನಾಲ್ಕು ಎಕರೆ ಚಿಲ್ಲರೆ ಪಿತ್ರಾರ್ಜಿತ ಜಮೀನು, ನಾಲೆ ನೀರು ಬರುವ ಗದ್ದೆ. ಅವರಿಗೊಬ್ಬಳು ತಂಗಿ. 1995ರಲ್ಲಿ ಮದುವೆಯಾಗಿತ್ತು. ರಾಜಿ ಅರ್ಜಿ ಬರೆದವನು ನಾನು. ಅಣ್ಣಂದಿರ ಜೊತೆಗೆ ಆಕೆಯ ವಕಾಲತ್ತನ್ನೂ ನಾನೇ ಹಾಕಿದ್ದೆ. ಜಮೀನು ಮೂರು ಭಾಗ, ತಂಗಿಗೆ ಅರಿಶಿನ ಕುಂಕುಮದ ಬಾಬ್ತು ಒಂದಿಷ್ಟು ಹಣ, ಆಕೆ ತನ್ನ ಹಕ್ಕು ಬಿಟ್ಟಿದ್ದಾಳೆ ಎಂದು ಒಂದು ಸಾಲು. ಹೆಬ್ಬೆಟ್ಟಿಗೆ ಶಾಯಿ ಹಚ್ಚುವ ಹೊತ್ತಿಗೆ ಆಕೆ ಮೆಲ್ಲಗೆ ಕೇಳಿದರು: "ಅದ್ರಲ್ಲಿ ಏನ್ ಬರ್ದದ ಸೋಮಿ?"

ಕೇಸು ಕೂಗುವ ಹೊತ್ತಾಗಿತ್ತು. "ನಿಮ್ಮಣ್ಣಂಗೆಲ್ಲ ಗೊತ್ತು, ಒತ್ತಿ ತಾಯಿ" ಎಂದೆ. ಒತ್ತಿದರು. ನ್ಯಾಯಾಧೀಶರು ಒಪ್ಪಿಗೆ ಇದೆಯೇ ಎಂದು ಕೇಳಿದಾಗ ಅಣ್ಣನ ಮುಖ ನೋಡಿ ತಲೆಯಾಡಿಸಿದರು. ಡಿಕ್ರಿ ಆಯಿತು.

ಈಗ ಕಾನೂನು ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ 1994ರ ಜುಲೈ 30ರಂದೇ ಜಾರಿಗೆ ಬಂದಿತ್ತು. ಆ ದಿನಕ್ಕೆ ಮದುವೆಯಾಗದೆ ಇದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು. ಆಕೆಯ ಮದುವೆ ಆದದ್ದು ಅದರ ಮರುವರ್ಷ. ಅಂದರೆ ಆ ಜಮೀನಿನಲ್ಲಿ ಆಕೆಗೆ ಕಾಲುಭಾಗ, ಒಂದು ಎಕರೆಗೂ ಮಿಕ್ಕಿ ಸಲ್ಲಬೇಕಿತ್ತು. ಈ ಕಾನೂನು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಓದಿ ಹೇಳಲಿಲ್ಲ. ಅಣ್ಣಂದಿರ ಹಿತ ಬೇರೆ, ತಂಗಿಯ ಹಿತ ಬೇರೆ ಆಗಿರುವಾಗ ಇಬ್ಬರಿಗೂ ಒಬ್ಬನೇ ವಕೀಲನಾಗಬಾರದು ಎಂಬುದೂ ಗೊತ್ತಿತ್ತು.

2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು. ಮದುವೆಯಾದವಳು, ಆಗದವಳು ಎಂಬ ಭೇದ ಹೋಯಿತು. ಮುಂದೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿಹೋದ ವಿಭಾಗವನ್ನು ಹೊಸ ಕಾಯ್ದೆ ಮುಟ್ಟುವುದಿಲ್ಲ.

2006ರಲ್ಲಿ ಆಕೆ ನನ್ನನ್ನು ಹುಡುಕಿಕೊಂಡು ಕೋರ್ಟಿನ ಹತ್ತಿರ ಬಂದರು. ಹೆಣ್ಣುಮಕ್ಕಳಿಗೂ ಪಾಲುಂಟಂತಲ್ಲ ಎಂದು ಯಾರೋ ಹೇಳಿದ್ದರು. ಕಲ್ಲುಬೆಂಚಿನ ಮೇಲೆ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. 1997ರಲ್ಲೇ ನಿಮಗೆ ಪಾಲಿತ್ತು, ನಾನು ಹೇಳಲಿಲ್ಲ, ಡಿಕ್ರಿಯನ್ನು ಅದೇ ಕೋರ್ಟಿನಲ್ಲಿ ಪ್ರಶ್ನಿಸಬಹುದು, ಬೇರೆ ವಕೀಲರನ್ನು ಇಟ್ಟುಕೊಳ್ಳಿ, ಓದಿ ಹೇಳಲಿಲ್ಲ ಎಂದು ನಾನೇ ಸಾಕ್ಷಿ ನುಡಿಯುತ್ತೇನೆ ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದ ಮಾತು ಇದು: "ಅವತ್ತೇ ಹೇಳಿದ್ರ, ಬೇಕು ಅಂತಿದ್ನೋ ಬ್ಯಾಡ ಅಂತಿದ್ನೋ ಗೊತ್ತಿಲ್ಲ ಸೋಮಿ. ಆದ್ರ ಆ ಮಾತ ನಾನು ಆಡ್ಬೇಕಾಗಿತ್ತು."

ಕೇಸು ಹಾಕಲಿಲ್ಲ. ಅಣ್ಣಂದಿರ ಮೇಲೆ ಕೋರ್ಟು ಹತ್ತಲು ಮನಸ್ಸಾಗಲಿಲ್ಲವೋ, ನನ್ನಂಥ ವಕೀಲರ ಮೇಲೆ ನಂಬಿಕೆ ಹೋಯಿತೋ ಹೇಳಲಾರೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋದರು. ನಾನು ಆಕೆಯ ಜಮೀನನ್ನು ಮಾತ್ರ ಕಳೆದಿರಲಿಲ್ಲ, ಆಡಬೇಕಾದ ಮಾತನ್ನೂ ಕಸಿದಿದ್ದೆ. ಹಿಂದಿನ ಸಾಲಿಗೆ ಕೇಳಿಸಿರಲಿಲ್ಲ.

ಬಂಧುಗಳೇ, ಇಂದಿನ ವಕೀಲಿ ವೃತ್ತಿಯ ಸವಾಲುಗಳೇನು ಎಂದು ಕೇಳಿದರೆ ನನಗೆ ಎಲ್ಲವೂ ಈ ಕಲ್ಲುಬೆಂಚಿಗೇ ಬಂದು ನಿಲ್ಲುತ್ತವೆ.

ಮೊದಲನೆಯದು ಭಾಷೆ. ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಕನ್ನಡದಲ್ಲೇ ಅರ್ಜಿ ಬರೆಯಬಹುದು, ವಾದ ಮಾಡಬಹುದು. ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ಎಂದು ಸಂವಿಧಾನದ 348ನೇ ವಿಧಿ ಹೇಳುತ್ತದೆ. ಅಪೀಲು ಮೇಲೆ ಹೋದಂತೆ ರೈತನಿಗೆ ತನ್ನ ಕೇಸೇ ಪರಕೀಯವಾಗುತ್ತದೆ. ಆಗ ಅದನ್ನು ಅವನ ಮಾತಿಗೆ ಇಳಿಸಿ ಹೇಳಬೇಕಾದವನು ವಕೀಲ. ಕನ್ನಡದಲ್ಲಿ ಬರೆದರೂ "ಸದರಿ ಷೆಡ್ಯೂಲು ಸ್ವತ್ತಿನ ಬಾಬ್ತು" ಎಂದೆಲ್ಲ ಬರೆದರೆ ಅದೂ ಇಂಗ್ಲಿಷೇ.

ಎರಡನೆಯದು ಕಾನೂನು ಬದಲಾಗುವ ವೇಗ. 1860ರ ದಂಡ ಸಂಹಿತೆಯನ್ನು ಬಾಯಿಪಾಠ ಮಾಡಿದ ನಮ್ಮ ತಲೆಮಾರು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯನ್ನು ಹೊಸದಾಗಿ ಓದಬೇಕಾಯಿತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪಿ ಹೋಗದಂತೆ 1978ರಲ್ಲಿ ನಮ್ಮ ರಾಜ್ಯ ಪಿಟಿಸಿಎಲ್ ಕಾಯ್ದೆ ತಂದಿತು. ವಾಪಸು ಕೇಳುವವರು ವಿಪರೀತ ತಡ ಮಾಡಬಾರದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾಲಮಿತಿ ಅಡ್ಡಬಾರದು ಎಂದು 2023ರಲ್ಲಿ ರಾಜ್ಯ ತಿದ್ದುಪಡಿ ಮಾಡಿತು. ಇದನ್ನು ತಿಳಿಯದ ವಕೀಲನ ಕೈಗೆ ಸಿಕ್ಕವನು ತನ್ನ ತಾತನ ಜಮೀನಿನ ಆಸೆಯನ್ನು 2017ರಲ್ಲೇ ಬಿಟ್ಟಿರುತ್ತಾನೆ.

ಮೂರನೆಯದು ಯಂತ್ರ. ಈಗ ಮೊಬೈಲಿನಲ್ಲಿ ಕೇಸಿನ ವಾಯಿದೆ ನೋಡಬಹುದು, ಮನೆಯಿಂದಲೇ ಅರ್ಜಿ ಸಲ್ಲಿಸಬಹುದು. ಒಳ್ಳೆಯದೇ. ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಕ್ಷಣದಲ್ಲಿ ಅರ್ಜಿ ಬರೆದುಕೊಡುತ್ತದೆ, ಇಲ್ಲದ ತೀರ್ಪನ್ನೂ ಇದೆ ಎಂದು ಹೇಳಿಬಿಡುತ್ತದೆ. ಬೇರೆ ಬೇರೆ ದೇಶಗಳಲ್ಲಿ ಹಾಗೆ ಇಲ್ಲದ ತೀರ್ಪು ತೋರಿಸಿದ ವಕೀಲರು ದಂಡ ತೆತ್ತಿದ್ದಾರೆ. ನಮ್ಮ ರಾಜ್ಯದಲ್ಲೂ ಕೆಳ ನ್ಯಾಯಾಲಯದ ಆದೇಶವೊಂದರಲ್ಲಿ ಸುಪ್ರೀಂ ಕೋರ್ಟು ಎಂದೂ ಕೊಡದ ತೀರ್ಪುಗಳು ಉಲ್ಲೇಖವಾಗಿದ್ದನ್ನು 2025ರ ಮಾರ್ಚ್‌ನಲ್ಲಿ ಹೈಕೋರ್ಟು ಗಂಭೀರವಾಗಿ ಪರಿಗಣಿಸಿತು. ಯಂತ್ರ ಬರೆಯಲಿ, ಓದಿ ನೋಡಿ ಸಹಿ ಹಾಕುವವನು ಮನುಷ್ಯನಾಗಿರಬೇಕು.

ನಾಲ್ಕನೆಯದು ದುಡ್ಡು. ಕೇಸು ಗೆದ್ದರೆ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವುದನ್ನು ಬಾರ್ ಕೌನ್ಸಿಲಿನ ನಿಯಮ ನಿಷೇಧಿಸಿದೆ. ಜಮೀನಿನ ಬೆಲೆ ಏರಿದ ನಮ್ಮ ಕಡೆ ಈ ಆಸೆ ಎಲ್ಲ ವಕೀಲರನ್ನೂ ಒಂದಲ್ಲ ಒಂದು ದಿನ ಪರೀಕ್ಷಿಸುತ್ತದೆ. ಇನ್ನೊಂದು ಕಡೆ, ಹೊಸದಾಗಿ ಬಂದ ಕಿರಿಯ ವಕೀಲರಿಗೆ ಮೊದಲ ಕೆಲವು ವರ್ಷ ಬಸ್ ಚಾರ್ಜಿಗೂ ಕಷ್ಟ. ಹಳ್ಳಿಯ ಬುದ್ಧಿವಂತ ಹುಡುಗಿಯೊಬ್ಬಳು ಕೋಟು ಬಿಚ್ಚಿಟ್ಟು ಬೆಂಗಳೂರಿನ ಕಂಪನಿಗೆ ಹೋದರೆ ಅವಳನ್ನು ದೂರಬೇಡಿ. ಅವಳಿಗೆ ಸಂಬಳ ಕೊಡದೆ ದುಡಿಸಿಕೊಂಡ ನಮ್ಮಂಥ ಹಿರಿಯರನ್ನು ಕೇಳಿ.

ಹಾಗಾದರೆ ನಾಯಕತ್ವ ಎಂದರೇನು? ವಕೀಲರ ಸಂಘದ ಅಧ್ಯಕ್ಷಗಿರಿ ಗೌರವದ ಹುದ್ದೆ, ಆದರೆ ನಾಯಕತ್ವ ಅಲ್ಲಿಂದ ಶುರುವಾಗುವುದಿಲ್ಲ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಬೆರಳ ನಡುವೆ ಗುಲಗಂಜಿ ಇದೆ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಕ್ಕಸಾಲಿಗರಿಗೆ ಗೊತ್ತು, ಗುಲಗಂಜಿ ಎಷ್ಟು ಹಗುರ ಎಂದು. ತಕ್ಕಡಿ ವಾಲುವುದಕ್ಕೆ ಅಷ್ಟೇ ಸಾಕು. ವಕೀಲನ ನಾಯಕತ್ವವೂ ಅಷ್ಟೇ ತೂಕದ್ದು. ಸಹಿಗೆ ಮೊದಲು ಐದು ನಿಮಿಷ ಓದಿ ಹೇಳುವುದು, ಗೆಲ್ಲದ ಕೇಸನ್ನು ಗೆಲ್ಲುವುದಿಲ್ಲ ಎನ್ನುವುದು, ರಾಜಿಯಾಗುವುದನ್ನು ವಾಯಿದೆಯ ಮೇಲೆ ವಾಯಿದೆ ಕೇಳಿ ಎಳೆಯದಿರುವುದು, ಕಿರಿಯರಿಗೆ ತಿಂಗಳಿಗೆ ಸರಿಯಾಗಿ ದುಡ್ಡು ಕೊಡುವುದು. 2006ರಿಂದ ನನ್ನ ಕಚೇರಿಯಲ್ಲಿ ಒಂದು ನಿಯಮವಿದೆ. ಕಾಗದವನ್ನು ಗಟ್ಟಿಯಾಗಿ ಓದುತ್ತೇವೆ. ಆಮೇಲೆ, "ಏನು ತಿಳೀತು, ನೀವೇ ಹೇಳಿ" ಎಂದು ಕಕ್ಷಿದಾರರನ್ನು ಕೇಳುತ್ತೇವೆ. ಅವರು ಸರಿಯಾಗಿ ಹೇಳಿದ ಮೇಲೇ ಸಹಿ. ಇದರಿಂದ ಕೆಲವರು ಬೇಸತ್ತು ಬೇರೆ ವಕೀಲರ ಹತ್ತಿರ ಹೋಗಿದ್ದಾರೆ. ಹೋಗಲಿ.

ಮಕ್ಕಳೇ, ನಿಮಗೆ ಮೂರು ಮಾತು.

ಒಂದು, ನಿಮ್ಮ ಮನೆಯವರಿಗೆ ಇದನ್ನು ಹೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ದೂರವಾಣಿ 15100. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು. ಆದರೆ ಅದರ ಮೇಲೆ ಅಪೀಲು ಇಲ್ಲ, ಹಾಗಾಗಿ ಒಪ್ಪುವ ಮೊದಲೇ ಪೂರ್ತಿ ಕೇಳಿಸಿಕೊಳ್ಳಬೇಕು.

ಎರಡು, ಈ ವೃತ್ತಿಗೆ ನೀವು ಬನ್ನಿ. ಪಿಯುಸಿ ಆದ ಮೇಲೆ ಐದು ವರ್ಷದ ಕೋರ್ಸು, ಪದವಿ ಆದ ಮೇಲಾದರೆ ಮೂರು ವರ್ಷ. ಮೈಸೂರಿನಲ್ಲೇ ಓದಬಹುದು. ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆ ತರಬೇತಿ ಭತ್ಯೆ ಕೊಡುತ್ತದೆ. ಇದು ದೊಡ್ಡವರ ಮನೆಯ ಮಕ್ಕಳ ವೃತ್ತಿ ಎಂದು ಹಿಂಜರಿಯಬೇಡಿ. ಪಾಂಡವಪುರದ ಕಡೆಯಿಂದ ಹೊರಟ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಅವರ ಮಗಳು ಬಿ.ವಿ. ನಾಗರತ್ನ ಅವರು 2021ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು. ಅಷ್ಟು ಎತ್ತರಕ್ಕೆ ಹೋಗದಿದ್ದರೂ ಚಿಂತೆಯಿಲ್ಲ. ನಮ್ಮ ತಾಲ್ಲೂಕಿನ ಕೋರ್ಟಿಗೇ ಒಳ್ಳೆಯ ವಕೀಲರು ಬೇಕು.

ಮೂರು, ವಕೀಲರಾಗದಿದ್ದರೂ ಸರಿ, ಮನೆಯಲ್ಲಿ ಅಜ್ಜಿ, ಅತ್ತೆ, ಅಮ್ಮ ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ನೀವು ಅದನ್ನು ಗಟ್ಟಿಯಾಗಿ ಓದಿ ಹೇಳಿ. ಎದುರಿಗಿರುವವರು ನನ್ನಂಥ ವಕೀಲರೇ ಆಗಿರಲಿ, "ಸ್ವಲ್ಪ ಇರಿ ಸಾರ್, ಓದುತ್ತೇನೆ" ಎನ್ನಿ. ಐವತ್ತು ವರ್ಷದಿಂದ ಈ ಸರ್ಕಾರಿ ಶಾಲೆ ನಮಗೆ ಓದು ಕಲಿಸಿರುವುದು ಅದಕ್ಕೇ.

ನಮ್ಮ ಕನ್ನಡ ಮೇಷ್ಟ್ರು ಈಗಿಲ್ಲ. ಇದ್ದಿದ್ದರೆ ಈ ಭಾಷಣ ಮುಗಿದ ಕೂಡಲೇ ಅದೇ ಪ್ರಶ್ನೆ ಕೇಳುತ್ತಿದ್ದರು. ಅವರ ಬದಲು ನಾನೇ ಕೇಳುತ್ತೇನೆ. ಹಿಂದಿನ ಸಾಲಿಗೆ ಕೇಳಿಸಿತೇ?